ಕೊನೆಗೆ ಬರುವ ಚಿನ್ನ

ಲೀನಾ ಐರಿಸ್ ವಿಕ್ಟರ್ ಅವರ ಚಿತ್ರಗಳನ್ನು ನೋಡಿದ ನಮ್ಮ ಲಂಡನ್ ಕನ್ನಡಿಗರು ‘ಇದು ನಮ್ಮ ಮೈಸೂರು ಚಿತ್ರದ ಹಾಗೇ ಇದೆಯಲ್ಲ’ ಅನ್ನುವುದುಂಟು. ಹೊಳಪೊಂದನ್ನು ಬಿಟ್ಟರೆ ಎರಡರ ದಾರಿಯೂ ಬೇರೆ.

ವಿಕ್ಟರ್ ಲೈಬೀರಿಯಾ ಮೂಲದ ಬ್ರಿಟಿಷ್ ಕಲಾವಿದೆ. 2022ರಲ್ಲಿ ಲಂಡನ್ನಿನ ಹೇವರ್ಡ್ ಗ್ಯಾಲರಿಯ ‘ಇನ್ ದ ಬ್ಲ್ಯಾಕ್ ಫೆಂಟಾಸ್ಟಿಕ್’ ಪ್ರದರ್ಶನದ 11 ಕಲಾವಿದರಲ್ಲಿ ಒಬ್ಬರು. ತಮ್ಮ ಚಿತ್ರಗಳಿಗೆ ರೂಪದರ್ಶಿಯೂ ಅವರೇ. ಫೋಟೊವನ್ನು ಮ್ಯಾಟ್, ಅಂದರೆ ಹೊಳಪಿಲ್ಲದ ಕ್ಯಾನ್ವಾಸಿನ ಮೇಲೆ ಮುದ್ರಿಸಿ, ಅಕ್ರಿಲಿಕ್, ಇಂಕ್, ಗ್ವಾಶ್ (ದಟ್ಟ ಜಲವರ್ಣ), ರೆಸಿನ್ (ರಾಳ) ಬಳಸಿ, 24 ಕ್ಯಾರೆಟ್ ಚಿನ್ನ ಕೂರಿಸುತ್ತಾರೆ. 2018ರಲ್ಲಿ ನ್ಯೂ ಆರ್ಲಿಯನ್ಸ್ ಮ್ಯೂಸಿಯಂನಲ್ಲಿ ತೋರಿಸಿದ ಸರಣಿಯಲ್ಲಿ ಭವಿಷ್ಯ ನುಡಿಯುವ ಲಿಬಿಯಾದ ಸಿಬಿಲ್ ಬರುತ್ತಾಳೆ, ಲೈಬೀರಿಯಾದ ಕಥೆಯೂ ಬರುತ್ತದೆ. ಹಳೆಯ ಪುರಾಣದ ಹೆಣ್ಣಿನ ಬಾಯಲ್ಲಿ ಮುಂದಿನ ಕಾಲ! ಆಫ್ರಿಕಾ ಮೂಲದವರ ಕಣ್ಣಲ್ಲಿ ಭವಿಷ್ಯವನ್ನು ಕಲ್ಪಿಸುವ ಆಫ್ರೋಫ್ಯೂಚರಿಸಂ ಅಂದರೆ ಬರೀ ರಾಕೆಟ್ಟು, ರೋಬೋಟು ಅಂದುಕೊಂಡವರು ಇದನ್ನು ನೋಡಬೇಕು.

ಮೈಸೂರು ಶೈಲಿಯಲ್ಲಿ ಹಲಗೆಗೆ ಅಂಟಿಸಿದ ಕಾಗದದ ಮೇಲೆ ಸಫೇದಾ ಎಂಬ ಬಿಳಿ ಪುಡಿ, ಅಂಟು ಕಲಸಿದ ಜೆಸ್ಸೋ ಎಂಬ ಲೇಪವನ್ನು ತೆಳು ಕುಂಚದಲ್ಲಿ ಪದರ ಪದರವಾಗಿ ಎಳೆದು, ಚಿನ್ನದ ರೇಕು (ತೀರಾ ತೆಳುವಾದ ಹಾಳೆ) ಒತ್ತುತ್ತಾರೆ. ಬಣ್ಣ ಆಮೇಲೆ. ರೇಕಿನ ಅಂಚು ಹರಿದಿದ್ದರೂ ಬಣ್ಣ ಅದನ್ನು ಮುಚ್ಚುತ್ತದೆ. ವಿಕ್ಟರ್ ಅವರದು ತಿರುಗುಮುರುಗು: ಕಪ್ಪು ಮೊದಲು, ಚಿನ್ನ ಅದರ ಮೇಲೆ. ಅಂಚು ಮುಚ್ಚಲು ಯಾರೂ ಬರುವುದಿಲ್ಲ.

ಮ್ಯಾಟ್ ಕಪ್ಪಿನ ಮೇಲೆ ರೇಕು ಹಾಕಿದವರಿಗೆ ಆ ಕಷ್ಟ ಗೊತ್ತು. ಮೊದಲು ಬಳಿದ ಅಂಟು ಹಸಿಯಿರುವಾಗಲೇ ರೇಕು ಹಾಕಿದರೆ ಚಿನ್ನ ಒಳಗೆ ಇಳಿದು ಮಂಕಾಗುತ್ತದೆ. ತೀರಾ ಒಣಗಿದರೆ ಹಿಡಿಯದೆ ತೂತು ಬೀಳುತ್ತದೆ. ಬೆರಳಿನ ಗೆಣ್ಣು ತಾಗಿಸಿದಾಗ ಜಿಗುಟು ಇರಬೇಕು, ಅಂಟು ಮಾತ್ರ ಗೆಣ್ಣಿಗೆ ಬರಬಾರದು. ನೀರಿನ ಅಂಟಾದರೆ ಸುಮಾರು 15ರಿಂದ 30 ನಿಮಿಷ, ಎಣ್ಣೆಯದಾದರೆ ಗಂಟೆಗಟ್ಟಲೆ. ಸುಮಾರು 80 ಮಿಲಿಮೀಟರ್ ಚೌಕದ ರೇಕನ್ನು ಕೈಯಲ್ಲಿ ಮುಟ್ಟುವ ಹಾಗಿಲ್ಲ, ಕುಂಚದಲ್ಲೇ ಎತ್ತಬೇಕು, ಫ್ಯಾನ್ ಆರಿಸಿರಬೇಕು. ಇಷ್ಟಾದರೂ ಚೂರುಗಳು ಒರಟು ಕಪ್ಪಿನಲ್ಲಿ ಸಿಕ್ಕಿಕೊಳ್ಳುತ್ತವೆ. ಉಜ್ಜಿ ತೆಗೆದರೆ ಆ ಜಾಗ ನುಣುಪಾಗಿ ಮಿಂಚುತ್ತದೆ. ಅಷ್ಟಕ್ಕೇ ಬಣ್ಣ ತೇಪೆ ಹಾಕಿದರೆ ತೇಪೆಯೇ ಕಾಣುತ್ತದೆ. ಮೊದಲೇ ಟಾಲ್ಕಂ ಪುಡಿ ಸವರಿದರೆ ಚೂರು ಅಂಟುವುದು ಕಡಿಮೆ, ಆದರೆ ಪುಡಿ ಉಳಿದರೆ ಕಪ್ಪು ಬೂದು ಬಣ್ಣಕ್ಕೆ ತಿರುಗುತ್ತದೆ. ದುಡ್ಡು ಉಳಿಸಲು ಹಿತ್ತಾಳೆ ರೇಕು ಹಾಕಿದರಂತೂ ವಾರ್ನಿಷ್ ಬಳಿಯಲೇಬೇಕು, ಇಲ್ಲದಿದ್ದರೆ ಕಿಲುಬು. ಅಪ್ಪಟ ಚಿನ್ನಕ್ಕೆ ವಾರ್ನಿಷ್ ಬಳಿದರೆ ಅದರ ಕಳೆಯೇ ಹೋಗುತ್ತದೆ.

ಹಾಗಾಗಿ ವಿಕ್ಟರ್ ಅವರ ಚಿತ್ರಗಳನ್ನು ‘ಬರೀ ಅಲಂಕಾರ’ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಮೈಸೂರು ಚಿತ್ರದಲ್ಲಿ ಚಿನ್ನ ದೇವರ ಒಡವೆ, ಪೀತಾಂಬರ, ಪ್ರಭಾವಳಿ. ವಿಕ್ಟರ್ ಅವರಲ್ಲಿ ಅದು ನಕ್ಷೆ, ಲಿಪಿಯಂಥ ಗುರುತು. ಕಪ್ಪು ಮೈ ಅದರ ನೆಲ. ಒಂದೊಂದು ಕಡೆ ಗೆರೆಗಳು ಅತಿಯಾಗಿ ಮುಖವೇ ಹಿಂದೆ ಸರಿಯುತ್ತದೆ, ಅದೂ ನಿಜ. ಮೊಬೈಲಿನಲ್ಲಿ ನೋಡಿ ತೀರ್ಪು ಕೊಡಬೇಡಿ. ಫೋಟೊದಲ್ಲಿ ಚಿನ್ನ ಸಾಸಿವೆ ಬಣ್ಣಕ್ಕೆ ತಿರುಗುತ್ತದೆ. ಎದುರಿಗೆ ನಿಂತು ಒಮ್ಮೆ, ಪಕ್ಕಕ್ಕೆ ಎರಡು ಹೆಜ್ಜೆ ಸರಿದು ಇನ್ನೊಮ್ಮೆ ನೋಡಿ.