ಸ್ಪಷ್ಟನೆ: ಧರ್ಮಗುರುವಾಗಲು ಓದೇ ಬೇಡವೇ?

‘ಯಾವ ಧರ್ಮದಲ್ಲೂ ಗುರುವಾಗಲು ಓದು ಬೇಡ, ವೇಷ ಸಾಕು’ ಎಂಬ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ. ಕ್ಯಾಥೊಲಿಕ್ ಪಾದ್ರಿಯಾಗುವವರು ತತ್ತ್ವಶಾಸ್ತ್ರವನ್ನು ಕನಿಷ್ಠ 2 ವರ್ಷ, ದೇವತಾಶಾಸ್ತ್ರವನ್ನು 4 ವರ್ಷ ಓದಲೇಬೇಕು. ಚರ್ಚಿನ ಕಾನೂನಿನಲ್ಲೇ ಹಾಗಿದೆ. ಮದರಸಾಗಳ ಆಲಿಮ್ (ಇಸ್ಲಾಮಿ ವಿದ್ವಾಂಸ) ಪಾಠಕ್ರಮಕ್ಕೆ ಸಾಮಾನ್ಯವಾಗಿ 8 ವರ್ಷ ಹಿಡಿಯುತ್ತದೆ. ಕೆಲವು ಸ್ವತಂತ್ರ ಪಂಥಗಳಲ್ಲಿ ಇಂಥ ಕಡ್ಡಾಯವಿಲ್ಲ ಎಂಬಷ್ಟು ಮಾತ್ರ ನಿಜ.

ಜನ ನಿಜಕ್ಕೂ ಎಡವುವುದು ಒಂದು ವಿದ್ಯೆಯನ್ನು ಇನ್ನೊಂದೆಂದು ತಿಳಿದಾಗ. ವೇದವನ್ನು ‘ಘನ’ ಎಂಬ ಕ್ರಮದಲ್ಲಿ ಪಠಿಸುವ ಘನಪಾಠಿ ಅದರ ಪದಗಳನ್ನು 1-2, 2-1, 1-2-3, 3-2-1, 1-2-3 ಎಂದು ಹೆಣೆದು ಸ್ವರ ತಪ್ಪದೆ ಹೇಳಬಲ್ಲರು. ಸಾಮಾನ್ಯ ಸಾಧನೆಯಲ್ಲ ಅದು! ಆದರೆ ಅರ್ಥಕ್ಕೆ ಭಾಷ್ಯವನ್ನು ಬೇರೆಯಾಗಿಯೇ ಓದಬೇಕು. ಹಾಫಿಜ್‌ಗೆ ಇಡೀ ಕುರಾನ್ ಕಂಠಪಾಠವಿದ್ದರೂ, ಫತ್ವಾ ಕೊಡಲು ಇಸ್ಲಾಮಿ ಕಾನೂನುಶಾಸ್ತ್ರವಾದ ಫಿಕ್ಹ್‌ನಲ್ಲಿ ಪ್ರತ್ಯೇಕ ತರಬೇತಿ ಬೇಕು. ಆದ್ದರಿಂದ ‘ಓದಿದ್ದಾರಾ’ ಎಂದಷ್ಟೇ ಕೇಳಿದರೆ ಸಾಲದು. ಏನನ್ನು, ಎಷ್ಟು ವರ್ಷ, ಯಾರ ಬಳಿ ಓದಿದ್ದಾರೆ ಎಂದು ಕೇಳಿ.