ಏಣಿ ಬೇಡದ ಮರಗಳು

ಸೀಬೆಯನ್ನು ಗಿಡ ಅನ್ನಬೇಕೋ ಮರ ಅನ್ನಬೇಕೋ? ಈ ಪ್ರಶ್ನೆ ನನ್ನನ್ನು ತುಂಬಾ ವರ್ಷಗಳಿಂದ ಕಾಡುತ್ತಿದೆ. ಮಾವಿನ ಮರ, ಹಲಸಿನ ಮರ, ತೆಂಗಿನ ಮರ; ಇದರಲ್ಲಿ ತಕರಾರಿಲ್ಲ. ಬದನೆ ಗಿಡ, ಮೆಣಸಿನ ಗಿಡ; ಇದರಲ್ಲೂ ಇಲ್ಲ. ಸೀಬೆಯ ಹತ್ತಿರ ಬಂದಾಗ ಮಾತ್ರ ನಾಲಿಗೆ ಸ್ವಲ್ಪ ತಡವರಿಸುತ್ತದೆ. ‘ಸೀಬೆ ಗಿಡಕ್ಕೆ ನೀರು ಹಾಕು’ ಅನ್ನುತ್ತೇವೆ. ‘ಸೀಬೆ ಮರ ಹತ್ತಬೇಡ’ ಅನ್ನುತ್ತೇವೆ. ಅಂದರೆ ನೀರು ಹಾಕುವಾಗ ಗಿಡ, ಹತ್ತುವಾಗ ಮರ.

ಚಿಕ್ಕವನಿದ್ದಾಗ ಇದಕ್ಕೆ ನನ್ನದೇ ಒಂದು ಅಳತೆಗೋಲಿತ್ತು. ಮೇಲಿಂದ ಬಿದ್ದರೆ ಮೂಳೆ ಮುರಿಯುವಂಥದ್ದು ಮರ, ಮೊಣಕೈ ತರಚುವಂಥದ್ದು ಗಿಡ. ಎರಡನ್ನೂ ಖುದ್ದಾಗಿ ಪರೀಕ್ಷೆ ಮಾಡಿ ನೋಡಿದವನು ನಾನು. ಆಮೇಲೆ ಓದಿದಾಗ ಗೊತ್ತಾಯಿತು, ಸಸ್ಯಶಾಸ್ತ್ರದವರ ಅಳತೆಗೋಲೂ ಇದಕ್ಕಿಂತ ಭಾರೀ ಗಟ್ಟಿಯಾದದ್ದೇನಲ್ಲ. ನೆಲದಿಂದಲೇ ಹಲವು ಕಾಂಡ ಎದ್ದರೆ ಪೊದೆ, ಒಂದೇ ಕಾಂಡ ನಿಂತರೆ ಮರ ಎಂದು ಜೋರಾಗಿ ಶುರು ಮಾಡುತ್ತಾರೆ. ಸೀಬೆ, ಸೀತಾಫಲ, ಕಾಫಿಯಂಥವು ಎದುರಾದ ಕೂಡಲೇ ‘ಪೊದೆ ಅಥವಾ ಸಣ್ಣ ಮರ’ ಎಂದು ಬರೆದು ಮೆಲ್ಲಗೆ ಜಾರಿಕೊಳ್ಳುತ್ತಾರೆ.

ಹೀಗೆ ಯಾವ ಲೆಕ್ಕಕ್ಕೂ ಸಿಗದ ಈ ಗುಂಪೇ ನನಗೆ ಇಷ್ಟ. ಉಷ್ಣವಲಯದಲ್ಲಿ ಇವಕ್ಕೆ ಬರವಿಲ್ಲ. ದೊಡ್ಡ ಮರಗಳ ಮೇಲೆ ಗೌರವ ಇದೆ, ಇಲ್ಲ ಅನ್ನಲಾರೆ. ಆದರೆ ಅವುಗಳ ಹಣ್ಣು ನಮಗೆ ಸಿಗುವುದು ಯಾರದೋ ದಯೆಯಿಂದ. ಗಾಳಿ ಬೀಸಬೇಕು, ಇಲ್ಲ ಬಾವಲಿ ಕಚ್ಚಿ ಬೀಳಿಸಬೇಕು, ಇಲ್ಲ ಹತ್ತಬಲ್ಲವರು ಯಾರಾದರೂ ಮನಸ್ಸು ಮಾಡಬೇಕು. ಸಣ್ಣ ಮರದ ಹಣ್ಣು ಹಾಗಲ್ಲ. ಮುಖದ ಮಟ್ಟದಲ್ಲೇ ತೂಗುತ್ತಿರುತ್ತದೆ. ಮಿಡಿಯಾಗಿದ್ದಾಗಿನಿಂದ ಪರಿಚಯ. ಯಾವುದು ನಾಳೆಗೆ ಹಣ್ಣಾಗುತ್ತದೆ, ಯಾವುದಕ್ಕೆ ಹುಳ ಹೊಕ್ಕಿದೆ, ಎಲ್ಲ ಗೊತ್ತಿರುತ್ತದೆ. ಬೆಳಿಗ್ಗೆ ಕೀಳೋಣ ಎಂದು ಎಲೆ ಮರೆ ಮಾಡಿ ಬಂದ ಹಣ್ಣನ್ನು ಅಳಿಲು ಅಷ್ಟರಲ್ಲೇ ಅರ್ಧ ಮುಗಿಸಿರುತ್ತದೆ, ಅದು ಬೇರೆ ಮಾತು. ಅದಕ್ಕೂ ಎಟುಕುತ್ತದಲ್ಲ!

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆ ಕಟ್ಟಿದವರು ಸೀಬೆಯನ್ನು ಗಮನಿಸಿರಲಿಕ್ಕಿಲ್ಲ. ಎಷ್ಟೇ ವಯಸ್ಸಾದ ಸೀಬೆಯಾಗಲಿ, ಅದರ ಎಳೆ ಕೊಂಬೆ ಹಿಡಿದು ಎಳೆದರೆ ಬಾಗಿ ಕೈಗೆ ಬರುತ್ತದೆ. ಬಿಟ್ಟರೆ ಸರ್ರನೆ ಮೇಲೆ ಹೋಗುತ್ತದೆ. ಮುರಿಯುವುದು ಅಪರೂಪ. ಕಟ್ಟಿಗೆಯೂ ಗಟ್ಟಿ, ಉಪಕರಣಗಳ ಹಿಡಿಗೆ ಬಳಸುತ್ತಾರೆ. ಅದರ ಇನ್ನೊಂದು ಗುಣ ಏನೆಂದರೆ, ಸವರಿದಷ್ಟೂ ಕೊಡುತ್ತದೆ. ಸೀಬೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಕೊಂಬೆ ಕತ್ತರಿಸಿದರೆ ಚಿಗುರು ಜಾಸ್ತಿ, ಚಿಗುರು ಜಾಸ್ತಿಯಾದರೆ ಕಾಯಿ ಜಾಸ್ತಿ. ಇದು ಗೊತ್ತಿಲ್ಲದ ಕಾಲದಲ್ಲಿ ನಾನೊಂದು ಸೀಬೆಯನ್ನು ಕತ್ತರಿ ತಾಗಿಸದೆ ಮುದ್ದು ಮಾಡಿ ಬೆಳೆಸಿದೆ. ಅದು ಚಾವಣಿ ದಾಟಿ ಹೋಯಿತು. ಇದ್ದಬದ್ದ ಹಣ್ಣೆಲ್ಲ ಗಿಳಿಗಳ ಪಾಲು. ಕೊನೆಗೆ ಅದರ ಕೆಳಗೆ ಏಣಿ ಹಿಡಿದು ನಿಂತಾಗ ನಾನೇ ಕೈಯಾರೆ ಗಿಡವನ್ನು ಮರ ಮಾಡಿದೆ ಅನ್ನುವುದು ಗೊತ್ತಾಯಿತು.

ಸೀಬೆಯ ತವರು ಉಷ್ಣವಲಯದ ಅಮೆರಿಕ. ಅಲ್ಲಿಂದ ಹೊರಟಿದ್ದು ಭೂಮಿಯ ಬೆಚ್ಚಗಿನ ಸೊಂಟವನ್ನು ಪೂರ್ತಿ ಸುತ್ತಿಬಿಟ್ಟಿದೆ. ಕೆಲವು ಕಡೆ ಉತ್ಸಾಹ ಅತಿಯಾಯಿತು. ಗ್ಯಾಲಪಗೋಸ್ ದ್ವೀಪಗಳಲ್ಲಿ ಅದನ್ನು ಕಳೆ ಎಂದೇ ಲೆಕ್ಕ ಹಾಕುತ್ತಾರೆ. ಅಲ್ಲಿನ ದೈತ್ಯ ಆಮೆಗಳು ಉದುರಿದ ಹಣ್ಣು ತಿಂದು, ತಮ್ಮ ಪಾಡಿಗೆ ತಾವು ನಡೆದು ಹೋಗಿ, ದೂರದಲ್ಲೆಲ್ಲೋ ಬೀಜ ಹಾಕಿ ಬರುತ್ತವೆ. ಇಷ್ಟು ನಿಧಾನದ ರೈತ ಸಿಕ್ಕರೂ ಸೀಬೆ ದ್ವೀಪ ಗೆದ್ದಿತು ನೋಡಿ.

ಸಿ ವಿಟಮಿನ್ ಅಂದರೆ ಕಿತ್ತಳೆ ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. 100 ಗ್ರಾಂ ಕಿತ್ತಳೆಯಲ್ಲಿ ಸುಮಾರು 53 ಮಿಲಿಗ್ರಾಂ ಇರುತ್ತದೆ, ಅಷ್ಟೇ ಸೀಬೆಯಲ್ಲಿ ಸುಮಾರು 228. ಆದರೆ ಇಬ್ಬರೂ ತಲೆ ತಗ್ಗಿಸಬೇಕಾದ ಪೊದೆಯೊಂದಿದೆ. ಅದು ಅಸೆರೋಲ, ಅಂದರೆ ವೆಸ್ಟ್ ಇಂಡಿಯನ್ ಚೆರ್ರಿ. ಅದರಲ್ಲಿ 1,600ಕ್ಕೂ ಜಾಸ್ತಿ. ಪೋರ್ಟೊ ರಿಕೊದ ವಿಜ್ಞಾನಿಗಳು 1940ರ ದಶಕದಲ್ಲಿ ಇದನ್ನು ಅಳೆದು ತೋರಿಸಿದರು. ದಿನದ ಅಗತ್ಯಕ್ಕೆ ಒಂದೆರಡು ಹಣ್ಣು ಸಾಕು. ಅಷ್ಟಿದ್ದೂ ಕಿತ್ತಳೆಯ ಹೆಸರು ಇದಕ್ಕೆ ಯಾಕೆ ಬರಲಿಲ್ಲ? ಪ್ರಯಾಣ ಆಗಿಬರುವುದಿಲ್ಲ, ಅಷ್ಟೇ ಕಾರಣ. ಕಿತ್ತಳೆ ದಪ್ಪ ಕೋಟು ಹಾಕಿಕೊಂಡು ಹಡಗು ಹತ್ತುತ್ತದೆ. ಅಸೆರೋಲದ ಸಿಪ್ಪೆ ತೀರಾ ತೆಳು. ಹಣ್ಣಾದದ್ದನ್ನು ಕಿತ್ತರೆ ಎರಡು ಮೂರು ದಿನದಲ್ಲಿ ಕೆಟ್ಟುಹೋಗುತ್ತದೆ. ಕಾಯಿಯಲ್ಲೇ ಈ ವಿಟಮಿನ್ ಇನ್ನೂ ಹೆಚ್ಚಿರುವುದರಿಂದ ಪುಡಿ ಮಾಡುವವರು ಹಸಿರಿದ್ದಾಗಲೇ ಕೀಳುತ್ತಾರೆ. ಪುಡಿಯಾಗಿಯೇ ಅದು ಲೋಕ ನೋಡುವುದು. ಸಣ್ಣ ಮರಗಳ ಹಣ್ಣುಗಳಲ್ಲಿ ಅರ್ಧಕ್ಕರ್ಧ ಈ ಜಾತಿಯವೇ. ಗಿಡದ ಬಳಿ ಇದ್ದವರಿಗೆ ಉಂಟು, ಇಲ್ಲದವರಿಗೆ ಇಲ್ಲ.

ಗಸಗಸೆ ಹಣ್ಣನ್ನೇ ತೆಗೆದುಕೊಳ್ಳಿ. ಗೋಲಿಗಿಂತ ಚಿಕ್ಕದು. ತುಟಿಗಿಟ್ಟು ಹಿಸುಕಿದರೆ ಸಿಹಿ ಚಿಮ್ಮುತ್ತದೆ, ಕೈಯಲ್ಲಿ ಖಾಲಿ ಸಿಪ್ಪೆ ಉಳಿಯುತ್ತದೆ. ಇದನ್ನು ತೂಕ ಮಾಡಿ ಕೊಟ್ಟವರನ್ನು ನಾನು ಕಂಡಿಲ್ಲ. ತೂಕಕ್ಕೆ ಹಾಕುವ ಮೊದಲೇ ಜಜ್ಜಿಹೋಗುತ್ತದೆ. ಹೆಸರೂ ತಮಾಷೆಯದು. ಬೀಜ ಗಸಗಸೆಯಂತೆ ಸಣ್ಣ ಅನ್ನುವುದು ಬಿಟ್ಟರೆ ಗಸಗಸೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಸಿಂಗಪುರ ಚೆರ್ರಿ ಎಂಬ ಇನ್ನೊಂದು ಹೆಸರಿದೆ. ಅದು ಸಿಂಗಪುರದ್ದಲ್ಲ, ಉಷ್ಣವಲಯದ ಅಮೆರಿಕದ್ದು. ಚೆರ್ರಿಯಂತೂ ಅಲ್ಲವೇ ಅಲ್ಲ. ಬಡ ಮಣ್ಣಿನಲ್ಲೂ ದಡಬಡ ಬೆಳೆದು ಎರಡು ವರ್ಷದೊಳಗೆ ಹಣ್ಣು ಬಿಡುತ್ತದೆ. ಅದರ ಹೂವಿಗೆ ಒಂದೇ ದಿನದ ಆಯುಷ್ಯ. ತೊಗಟೆಯ ನಾರಿನಿಂದ ಹಗ್ಗ ಹೊಸೆಯಬಹುದು. ಬ್ರೆಜಿಲ್‌ನಲ್ಲಿ ಇದನ್ನು ನದಿಯ ದಂಡೆಯಲ್ಲಿ ನೆಡುವುದುಂಟಂತೆ. ನೀರಿನ ಮೇಲೆ ಚಾಚಿದ ಕೊಂಬೆಯಿಂದ ಹಣ್ಣು ಉದುರುತ್ತದೆ, ಮೀನು ಬರುತ್ತದೆ, ಮೀನು ಹಿಡಿಯುವವರೂ ಬರುತ್ತಾರೆ. ಗಾಳ ಹಾಕಿ ಕೂತ ಮರ!

ಸೀತಾಫಲ, ರಾಮಫಲ, ಲಕ್ಷ್ಮಣಫಲ. ಹೆಸರು ಕೇಳಿದರೆ ವನವಾಸದಲ್ಲಿ ಇವರೆಲ್ಲ ತಿಂದೇ ಇದ್ದರು ಅನಿಸುತ್ತದೆ, ಅಲ್ವಾ? ಮೂರೂ ಅಮೆರಿಕ ಖಂಡದ ಕಡೆಯಿಂದ ಬಂದವು. ಬಂದವರಿಗೆ ಮನೆಯ ಹೆಸರನ್ನೇ ಇಟ್ಟು ಒಳಗೆ ಕರೆದುಕೊಂಡ ಕನ್ನಡದ ಬಗ್ಗೆ ನನಗೆ ಹೆಮ್ಮೆ ಇದೆ. ಇವುಗಳಲ್ಲಿ ಸೀತಾಫಲದ ಸಂಸಾರ ಸ್ವಲ್ಪ ಕಷ್ಟದ್ದು. ಒಂದೇ ಹೂವು ಮೊದಲು ಹೆಣ್ಣಾಗಿರುತ್ತದೆ, ಆಮೇಲೆ ಗಂಡಾಗುತ್ತದೆ. ತನ್ನ ಪರಾಗ ತನಗೇ ಸಿಗುವುದಿಲ್ಲ. ದಪ್ಪ ಎಸಳು ಸರಿಯಾಗಿ ಅರಳುವುದೂ ಇಲ್ಲ. ಆ ಸಂದಿಯಲ್ಲಿ ನುಸುಳುವಷ್ಟು ಸಣ್ಣ ಜೀರುಂಡೆಗಳು ಬಂದರೆ ಕಾಯಿ ಕಟ್ಟಿತು, ಇಲ್ಲದಿದ್ದರೆ ಹೂವು ಸುಮ್ನೆ ಉದುರಿತು. ಹಣ್ಣಿನ ಮೇಲಿನ ಒಂದೊಂದು ಕಣ್ಣೂ ಬೇರೆ ಬೇರೆ ಅಂಡಾಶಯ. ಎಲ್ಲಕ್ಕೂ ಪರಾಗ ಮುಟ್ಟಿದರೆ ದುಂಡಗಿನ ಹಣ್ಣು, ಒಂದು ಕಡೆ ತಪ್ಪಿದರೆ ಆ ಕಡೆ ಸೊಟ್ಟ.

ಜೀರುಂಡೆ ಸಾಲದ ತೋಟಗಳಲ್ಲಿ ರೈತರು ಕುಂಚ ಹಿಡಿದು ಪರಾಗ ಹಚ್ಚುತ್ತಾರೆ. ಅದನ್ನು ಓದಿ ನಾನೂ ಒಂದು ಬೆಳಿಗ್ಗೆ ಮಕ್ಕಳ ಪೇಂಟಿಂಗ್ ಬ್ರಷ್ ಹಿಡಿದು ಹೋದೆ. ಹೂವೆಲ್ಲ ಎದೆಯ ಮಟ್ಟದಲ್ಲೇ ಇದ್ದವು, ಕೆಲಸ ಸುಲಭ ಅಂದುಕೊಂಡೆ. ಹನ್ನೊಂದು ಹೂವಿಗೆ ಬ್ರಷ್ ಆಡಿಸಿದೆ. ಒಂದು ಕಾಯಿ ನಿಂತಿತು, ಅದೂ ಗೋಡಂಬಿಯ ಆಕಾರದಲ್ಲಿ. ಜೀರುಂಡೆಯ ಮೇಲೆ ಗೌರವ ಹೆಚ್ಚಾಯಿತು.

ಕೈಗೆಟುಕದ ದ್ರಾಕ್ಷಿ ಹುಳಿ ಎಂದಿತಂತೆ ನರಿ. ಬಿಂಬುಳಿಯ ವಿಷಯ ಉಲ್ಟಾ. ಕೈಗೆ ಎಟುಕುತ್ತದೆ, ಆದರೂ ಹುಳಿ. ಕಾಂಡದ ಮೇಲೇ, ಕೆಲವು ಸಲ ಮೊಣಕಾಲಿನ ಮಟ್ಟದಲ್ಲಿ, ಗೊಂಚಲು ಗೊಂಚಲಾಗಿ ಅಂಟಿಕೊಂಡಿರುತ್ತದೆ. ಒಂದು ಕಚ್ಚಿದರೆ ಒಂದು ಕಣ್ಣು ತಾನಾಗಿ ಮುಚ್ಚುತ್ತದೆ. ಈ ಹುಳಿಯ ಬೇರು ಆಕ್ಸಾಲಿಕ್ ಆಮ್ಲದಲ್ಲಿದೆ. ಹಾಗಾಗಿ ಬಟ್ಟೆಯ ಮೇಲಿನ ತುಕ್ಕಿನ ಕಲೆ ತೆಗೆಯಲು, ಹಿತ್ತಾಳೆ ಬೆಳಗಲು ಇದರ ರಸ ಒಳ್ಳೆಯದು. ಬಿಂಬುಳಿ ಮತ್ತು ಅದರ ನೆಂಟ ನಕ್ಷತ್ರದ ಹಣ್ಣು, ಅದೇ ಧಾರೆಹುಳಿ, ಎರಡೂ ‘ಅವೆರೋವಾ’ ಎಂಬ ಕುಲದವು. 12ನೇ ಶತಮಾನದ ವೈದ್ಯ, ತತ್ತ್ವಜ್ಞಾನಿ ಇಬ್ನ್ ರುಶ್ದ್‌ನನ್ನು ಯುರೋಪಿನವರು ಅವೆರೋಯೆಸ್ ಎಂದು ಕರೆದರು, ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನ್ನೇಯಸ್ ಆ ಹೆಸರನ್ನು ಈ ಗಿಡಗಳಿಗೆ ಇಟ್ಟ. ಅರಿಸ್ಟಾಟಲ್‌ಗೆ ವ್ಯಾಖ್ಯಾನ ಬರೆದವನ ನೆನಪಿಗೆ ಬಿಂಬುಳಿ! ಬದುಕಿದ್ದಿದ್ದರೆ ಒಂದು ಕಚ್ಚಿ ನೋಡಿ ಏನನ್ನುತ್ತಿದ್ದನೋ.

ವೈದ್ಯನ ಹೆಸರಿನ ಗಿಡ ಅಂದ ಮಾತ್ರಕ್ಕೆ ಅದು ಔಷಧಿ ಅಲ್ಲ. ಇಲ್ಲಿ ಒಂದು ವಿಷಯ ಹೇಳಲೇಬೇಕು. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಹತ್ತಿರದ್ದನ್ನು ಕಡೆಗಣಿಸುವವರ ಮೇಲಿನ ಟೀಕೆ. ಈಗ ಕಾಲ ತಿರುಗಿದೆ. ಮೊಬೈಲಿಗೆ ಬರುವ ಸಂದೇಶಗಳ ಪ್ರಕಾರ ಹಿತ್ತಲ ಗಿಡವೆಲ್ಲ ಮದ್ದೇ. ಅದೂ ಎಲ್ಲ ಕಾಯಿಲೆಗೂ. ಕೊಲೆಸ್ಟರಾಲ್ ಇಳಿಯಲಿ ಎಂದು ಬಿಂಬುಳಿಯ ಗಟ್ಟಿ ರಸ ದಿನಾ ಕುಡಿದು ಮೂತ್ರಪಿಂಡ ಕೆಡಿಸಿಕೊಂಡವರ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅದೇ ಆಕ್ಸಾಲಿಕ್ ಆಮ್ಲದ ಕೆಲಸ. ಹಿತ್ತಾಳೆ ಬೆಳಗುವಂಥದ್ದು ಹೊಟ್ಟೆಯೊಳಗೆ ಸುಮ್ಮನಿರುತ್ತದೆಯೇ? ಮೂತ್ರಪಿಂಡ ಮೊದಲೇ ಸೋತವರಿಗೆ ನಕ್ಷತ್ರದ ಹಣ್ಣು ಇನ್ನೂ ಅಪಾಯ. ನಿಲ್ಲದ ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್‌ವರೆಗೂ ಹೋಗುತ್ತದೆ. ಅದರಲ್ಲಿನ ನರಗಳಿಗೆ ವಿಷವಾದ ಅಂಶವನ್ನು 2013ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ಗುರುತಿಸಿ ಕ್ಯಾರಂಬಾಕ್ಸಿನ್ ಎಂದು ಹೆಸರಿಟ್ಟರು. ಲಕ್ಷ್ಮಣಫಲದ ಎಲೆಯ ಕಷಾಯ ಕುಡಿಯುವವರೂ ಇದ್ದಾರೆ. ಕೆರಿಬಿಯನ್‌ನ ಗ್ವಾಡಲೂಪ್ ದ್ವೀಪದಲ್ಲಿ ಪಾರ್ಕಿನ್ಸನ್ ಥರದ ವಿಚಿತ್ರ ಕಾಯಿಲೆ ಹೆಚ್ಚಿದ್ದನ್ನು ಕಂಡ ವೈದ್ಯರು, 1999ರಲ್ಲಿ ಇದೇ ಹಣ್ಣು ಮತ್ತು ಕಷಾಯದ ಕಡೆ ಬೆರಳು ತೋರಿಸಿದ್ದರು. ಸೀತಾಫಲದ ಬೀಜದ ಪುಡಿ ಹೇನು ಕೊಲ್ಲುತ್ತದೆ ನಿಜ, ಕಣ್ಣಿಗೆ ಬಿದ್ದರೆ ಕಣ್ಣನ್ನೂ ಬಿಡುವುದಿಲ್ಲ. ಇಷ್ಟೆಲ್ಲ ತಿಳಿದ ಮೇಲೂ ನಾನು ಹಣ್ಣು ತಿನ್ನುವುದು ಬಿಟ್ಟಿಲ್ಲ. ಹಣ್ಣನ್ನು ಹಣ್ಣಿನಂತೆ ತಿನ್ನುತ್ತೇನೆ. ಲೋಟಗಟ್ಟಲೆ ಕುಡಿಯುವುದಿಲ್ಲ, ಅಷ್ಟೇ.

ತಿನ್ನಲಿಕ್ಕೇ ಇಲ್ಲದ ಹಣ್ಣುಗಳೂ ಈ ಗುಂಪಿನಲ್ಲಿವೆ. ರಂಗಮಾಲೆಯ ಕಾಯಿ ನೋಡಲು ಮುಳ್ಳು ಮುಳ್ಳು, ಮುಟ್ಟಿದರೆ ಮೆತ್ತಗೆ. ಬಿರಿದರೆ ಒಳಗೆ ಕುಂಕುಮ ಸವರಿದಂಥ ಬೀಜ. ಅಮೆಜಾನ್ ಸೀಮೆಯ ಜನ ಅದನ್ನು ಮೈಗೆ ಬಳಿದುಕೊಂಡರು, ಉಳಿದ ಜಗತ್ತು ಬೆಣ್ಣೆಗೂ ಚೀಸ್‌ಗೂ ಬಳಿಯಿತು. ಚೀಸ್ ಪೊಟ್ಟಣದ ಮೇಲೆ ಇ160ಬಿ ಎಂದಿದ್ದರೆ ಅದು ಇದೇ ಬಣ್ಣ. ಕವಳೆಯ ಪೊದೆ ಇನ್ನೊಂದು ಥರ. ಕವಲೊಡೆದ ಮುಳ್ಳಿನ ಬೇಲಿಯೂ ಅದೇ, ಬೇಲಿಯೊಳಗಿನ ಬೆಳೆಯೂ ಅದೇ. ಕಾವಲುಗಾರನೇ ಬುಟ್ಟಿ ಹಣ್ಣು ತಂದುಕೊಟ್ಟ ಹಾಗೆ. ಇನ್ನು ಕಾಫಿ. ಕೆಂಪಗೆ ಹಣ್ಣಾಗಿ, ತೆಳ್ಳಗೆ ಸಿಹಿಯಾಗಿ ತಯಾರಾದದ್ದನ್ನು ಕಿತ್ತು, ಆ ಸಿಹಿಯನ್ನೇ ಬಿಸಾಡಿ, ಬೀಜ ಹುರಿದು ಕಪ್ಪು ಮಾಡಿ ಕುಡಿಯುತ್ತೇವೆ. ಇದನ್ನು ಮೊದಲು ಮಾಡಿದವನ ಮನೆಯಲ್ಲಿ ಏನಂದಿರಬಹುದು ಎಂದು ಆಗಾಗ ಯೋಚಿಸುತ್ತೇನೆ.

ಪಶ್ಚಿಮ ಆಫ್ರಿಕದ ಒಂದು ಪೊದೆಯಂತೂ ನಾಲಿಗೆಗೇ ಸುಳ್ಳು ಹೇಳಿಸುತ್ತದೆ. ಅದರ ಪುಟ್ಟ ಕೆಂಪು ಹಣ್ಣಿಗೆ ತನ್ನದೇ ಅಂಥ ರುಚಿ ಇಲ್ಲ. ಆದರೆ ಅದನ್ನು ಚೀಪಿದ ಮೇಲೆ ನಿಂಬೆ ಕಚ್ಚಿದರೆ ನಿಂಬೆ ಸಿಹಿ. ಅರ್ಧ ಗಂಟೆ, ಕೆಲವರಿಗೆ ಒಂದು ಗಂಟೆಗೂ ಮೇಲೆ ಈ ಮರುಳು ಉಳಿಯುತ್ತದೆ. ಫ್ರೆಂಚ್ ಪ್ರವಾಸಿಯೊಬ್ಬ 1725ರಲ್ಲೇ ಇದನ್ನು ಕಂಡು ಬರೆದಿಟ್ಟಿದ್ದ. ಇದರ ಹಿಂದಿನ ಪ್ರೋಟೀನನ್ನು 1968ರಲ್ಲಿ ಬೇರ್ಪಡಿಸಿ ಮಿರಾಕ್ಯುಲಿನ್ ಎಂದರು. ಅದು ನಾಲಿಗೆಯ ಸಿಹಿ ಗುರುತಿಸುವ ಜಾಗದಲ್ಲಿ ಹೋಗಿ ಕೂರುತ್ತದೆ, ಹುಳಿ ಬಂದಾಗ ಮಾತ್ರ ಗಂಟೆ ಬಾರಿಸುತ್ತದೆ. ಬಿಂಬುಳಿಯ ಪಕ್ಕದಲ್ಲಿ ಇದನ್ನೊಂದು ನೆಡಬೇಕು ಎಂಬ ಆಸೆ ನನಗಿದೆ. ತುಂಬಾ ನಿಧಾನ ಬೆಳೆಯುವ ಗಿಡ, ಹುಳಿ ಮಣ್ಣು ಬೇರೆ ಬೇಕು.

ಸದ್ಯಕ್ಕೆ ಇರುವುದು ಸುರಿನಾಮ್ ಚೆರ್ರಿ. ಎಂಟು ಏಣಿನ ಪುಟ್ಟ ಕುಂಬಳಕಾಯಿಯಂಥ ಹಣ್ಣು. ಹಸಿರು, ಹಳದಿ, ಕಿತ್ತಳೆ, ಕೆಂಪು, ಹೀಗೆ ಬಣ್ಣ ಬದಲಿಸುತ್ತಾ ಹೋಗುತ್ತದೆ. ಕಿತ್ತಳೆಯಾದಾಗಲೇ ಆಸೆಪಟ್ಟು ಎಳೆದರೆ ಬಾಯೆಲ್ಲ ರಾಳದ ವಾಸನೆ. ಮೊದಲ ವರ್ಷ ನಾನು ತಿಂದದ್ದೆಲ್ಲ ಹಾಗೇ, ಗಿಡವನ್ನೇ ಕಿತ್ತುಹಾಕಲು ಹೊರಟಿದ್ದೆ. ಆಮೇಲೆ ಒಬ್ಬರು ಹೇಳಿಕೊಟ್ಟರು, ಕೀಳಬಾರದಂತೆ. ಕಡುಗೆಂಪಾದ ಹಣ್ಣಿನ ಕೆಳಗೆ ಅಂಗೈ ಒಡ್ಡಿ, ಬೆರಳಿಂದ ಸುಮ್ನೆ ಸೋಕಿಸಬೇಕು. ಉದುರಿದರೆ ನಮ್ಮದು. ಉದುರದಿದ್ದರೆ ನಾಳೆ ಬರಬೇಕು. ನಿನ್ನೆ ಸಂಜೆ ಆರು ಹಣ್ಣಿಗೆ ಅಂಗೈ ಒಡ್ಡಿದೆ. ಎರಡು ಬಿದ್ದವು.