ಎರಡು ಆಂಟೆನಾ ಉಂಟು ಮಾರಾಯ!

ವಿಂಡೋಸ್ ಬದಲಿಗೆ ಲಿನಕ್ಸ್ ಬಳಸುವವನೆಂದು ಒಮ್ಮೆ ಗೊತ್ತಾದರೆ ಸಾಕು, ನೆಂಟರಿಷ್ಟರ ಹಳೇ ಲ್ಯಾಪ್‌ಟಾಪ್‌ಗಳೆಲ್ಲ ನಮ್ಮ ಪಾಲಿಗೇ ಬರುತ್ತವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತಲ್ಲ, ಆಮೇಲಂತೂ ಕೇಳುವುದೇ ಬೇಡ. ಹನ್ನೊಂದನ್ನು ತಾಳಿಕೊಳ್ಳಲಾರದ ಯಂತ್ರಗಳಿಗೆಲ್ಲ ಲಿನಕ್ಸ್ ಮಿಂಟ್ ಹಾಕಿ ಕೊಡುತ್ತಾ ಬಂದೆ. ಮಂಗಳೂರಿನ ಬಿಜೈಯ ದೊಡ್ಡಪ್ಪನದೂ ಅದರಲ್ಲಿ ಒಂದು. ಬ್ಯಾಂಕಿನಿಂದ ನಿವೃತ್ತರಾದವರು. ಡೆಪಾಸಿಟ್‌ಗಳ ಬಡ್ಡಿ ಬರೆದಿಡಲು ಒಂದು ಶೀಟು, ರಾತ್ರಿ ಊಟವಾದ ಮೇಲೆ ಯೂಟ್ಯೂಬಿನಲ್ಲಿ ತೆಂಕುತಿಟ್ಟಿನ ಯಕ್ಷಗಾನ ಆಟ, ಇಷ್ಟಾದರೆ ಅವರಿಗೆ ಸ್ವರ್ಗ.

ಕುಡುಪು ಷಷ್ಠಿಯ ಹೊತ್ತಿಗೆ ಲ್ಯಾಪ್‌ಟಾಪಿನೊಳಗಿನ ವೈಫೈ ಕಾರ್ಡು ಕಣ್ಣು ಮುಚ್ಚಿತು. "ಯುಎಸ್‌ಬಿ ಅಡಾಪ್ಟರ್ ಒಂದು ಹಾಕಿದ್ರೆ ಆಯ್ತು. ಯಾವುದು ಅಂತ ನೋಡಿ ಹೇಳ್ತೇನೆ ದೊಡ್ಡಪ್ಪ, ಗಡಿಬಿಡಿ ಮಾಡ್ಬೇಡಿ" ಅಂದೆ. ಮರುದಿನ ಹಂಪನಕಟ್ಟೆಯಿಂದಲೇ ಫೋನು. "ತಗೊಂಡಾಯ್ತು. ಎರಡು ಆಂಟೆನಾ ಉಂಟು ಮಾರಾಯ!"

ಅಂಗಡಿಯವರು ಯಾವುದಕ್ಕೆ ಬೇಕಾದರೂ ಆಗುತ್ತದೆ ಅಂದಿದ್ದರಂತೆ. ಚುಚ್ಚಿದೆವು. ವೈಫೈ ಬರಲಿಲ್ಲ, ಪರದೆಯ ಮೇಲೆ ಒಂದು ಸಿಡಿಯ ಚಿತ್ರ ಬಂತು. ದೊಡ್ಡಪ್ಪ ಲ್ಯಾಪ್‌ಟಾಪನ್ನು ಎತ್ತಿ, ತಿರುಗಿಸಿ, ಅಡಿಯನ್ನೂ ನೋಡಿದರು. "ಇದಕ್ಕೆ ಸಿಡಿ ಹಾಕುವ ಜಾಗವೇ ಇಲ್ಲ. ಎಲ್ಲಿಂದ ಬಂತು?"

ಅದು ಈ ಜಾತಿಯ ಅಡಾಪ್ಟರ್‌ಗಳ ವೇಷ. ಚುಚ್ಚಿದ ಕೂಡಲೇ ತಾನು ಸಿಡಿ ಡ್ರೈವ್ ಎಂದು ಹೇಳಿಕೊಂಡು, ಒಳಗಿಟ್ಟ ವಿಂಡೋಸ್ ಡ್ರೈವರನ್ನು, ಅಂದರೆ ತನ್ನನ್ನು ನಡೆಸುವ ಪ್ರೋಗ್ರಾಮನ್ನು, ಮುಂದೆ ಹಿಡಿಯುತ್ತದೆ. ವಿಂಡೋಸ್ ಅದನ್ನು ಹಾಕಿಕೊಂಡರೆ ವೇಷ ಕಳಚಿ ವೈಫೈ ಆಗುತ್ತದೆ. ಲಿನಕ್ಸ್‌ಗೆ ಆ ಡ್ರೈವರ್ ಕಟ್ಟಿಕೊಂಡು ಏನಾಗಬೇಕು? ಯುಎಸ್‌ಬಿ ಮೋಡ್‌ಸ್ವಿಚ್ ಎಂಬ ಸಣ್ಣ ಪ್ರೋಗ್ರಾಂನಿಂದ ವೇಷವನ್ನೇನೋ ಕಳಚಿಸಿದೆ. ಆದರೆ ಒಳಗಿದ್ದ ಚಿಪ್ಪಿಗೆ ನಮ್ಮ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಡ್ರೈವರೇ ಇರಲಿಲ್ಲ. ಇಂಟರ್ನೆಟ್ ಬರಲು ಡ್ರೈವರ್ ಬೇಕು, ಡ್ರೈವರ್ ಸಿಗುವುದು ಇಂಟರ್ನೆಟ್ಟಿನಲ್ಲಿ! ಕೊನೆಗೆ ನನ್ನ ಮೊಬೈಲನ್ನೇ ಕೇಬಲ್ಲಿನಲ್ಲಿ ಸಿಕ್ಕಿಸಿ ಟೆದರಿಂಗ್ ಮಾಡಿ, ಯಾರೋ ಪುಣ್ಯಾತ್ಮರು ಬರೆದಿಟ್ಟ ಡ್ರೈವರಿನ ಕೋಡ್ ಇಳಿಸಿ, ನಮ್ಮ ಕರ್ನಲ್ಲಿಗೆ ಒಗ್ಗುವಂತೆ ಕಂಪೈಲ್ ಮಾಡಿದೆ. ಅಕ್ಷರಗಳು ಸರಸರ ಓಡುವುದನ್ನು ದೊಡ್ಡಮ್ಮ ಬಾಗಿಲಲ್ಲಿ ನಿಂತು ನೋಡಿ, "ಹಾಳಾಯ್ತಾ?" ಅಂತ ಮೆಲ್ಲ ಕೇಳಿದರು.

ಹಾಳಾಗಲಿಲ್ಲ. ವೈಫೈ ಬಂತು, ಆಟವೂ ಬಂತು. ಆದರೆ ಹೀಗೆ ಹೊರಗಿನಿಂದ ತಂದು ಕೂರಿಸಿದ ಡ್ರೈವರ್, ಕರ್ನಲ್ ಬದಲಾದಾಗಲೆಲ್ಲ ಮತ್ತೆ ಕಂಪೈಲ್ ಆಗಬೇಕು. ಡಿಕೆಎಂಎಸ್ ಎಂಬುದು ಆ ಕೆಲಸವನ್ನು ತಾನೇ ಮಾಡುತ್ತದೆ, ನಿಜ. ಆದರೆ ಕರ್ನಲ್ಲಿನ ಒಳಗಿನ ಏರ್ಪಾಡೇ ಬದಲಾದರೆ ಅದೂ ಕೈಚೆಲ್ಲುತ್ತದೆ. ಶಿಸ್ತಿನ ಮನುಷ್ಯ ದೊಡ್ಡಪ್ಪ, ಅಪ್‌ಡೇಟ್ ಅಂತ ಕಂಡರೆ ಒತ್ತದೆ ಬಿಡುವವರಲ್ಲ. ಒತ್ತಿದರು. ದೇವಿಮಹಾತ್ಮೆಯ ನಡುವೆ, ಮಹಿಷಾಸುರ ಬರುವ ಮೊದಲೇ ವೈಫೈ ಹೋಯಿತು.

ತುಳುನಾಡಿನಲ್ಲಿ ಸಂಬಂಧ ಕೂಡಿಸುವಾಗ ಮನೆ ಎಷ್ಟು ದೊಡ್ಡದಾದರೂ ಬಳಿ, ಅಂದರೆ ಕುಲ, ಯಾವುದೆಂದು ಕೇಳದೆ ಮುಂದುವರಿಯುವುದಿಲ್ಲ. ಅಡಾಪ್ಟರ್ ತರುವಾಗಲೂ ಅಷ್ಟೇ, ಕೇಳಬೇಕಾದ್ದು ಚಿಪ್. ಕಷ್ಟವೆಂದರೆ ಡಬ್ಬಿಯ ಮೇಲೆ ಸ್ಪೀಡು, ಆಂಟೆನಾ, ನಗುವ ಹುಡುಗಿ ಎಲ್ಲ ಇರುತ್ತದೆ, ಚಿಪ್ಪಿನ ಹೆಸರು ಮಾತ್ರ ಇರುವುದಿಲ್ಲ. ಸಾಲದ್ದಕ್ಕೆ ಒಂದೇ ಮಾಡೆಲ್ಲಿನ ವರ್ಷನ್ 1ರಲ್ಲಿ ಒಂದು ಚಿಪ್, 2ರಲ್ಲಿ ಇನ್ನೊಂದು. ಅಂಗಡಿಗೇ ಹೋಗಿ ವಿಚಾರಿಸಿದೆ. "ಚಿಪ್ಪಾ ಸರ್? ಅದು ಒಳಗೆ ಇರ್ತದೆ" ಅಂದರು. ತಪ್ಪೇನೂ ಹೇಳಲಿಲ್ಲ.

ಮೀಡಿಯಾಟೆಕ್‌ನ ಎಂಟಿ7612ಯು ಚಿಪ್ಪಿಗೆ ಕರ್ನಲ್ 4.19ರಿಂದಲೇ, ವೈಫೈ 6ರ ಎಂಟಿ7921ಎಯುಗೆ 5.18ರಿಂದ ಡ್ರೈವರ್ ಕರ್ನಲ್ಲಿನೊಳಗೇ ಉಂಟು. ಇನ್ನೂ ಹಳೆಯದು ಅಥೆರೋಸ್‌ನ ಎಆರ್9271. 2.4 ಗಿಗಾಹರ್ಟ್ಸ್ ಮಾತ್ರ, ಸ್ಪೀಡು 150 ಎಂಬಿಪಿಎಸ್. ಈಗಿನವರು ಮೂಗು ಮುರಿದಾರು. ಆದರೆ ದೊಡ್ಡಪ್ಪನದು ದಪ್ಪ ಮುರಕಲ್ಲಿನ ಗೋಡೆಯ ಹಳೇ ಮನೆ. ಚಾವಡಿಯ ರೂಟರಿನ 5 ಗಿಗಾಹರ್ಟ್ಸ್ ಸಿಗ್ನಲ್ ಒಳಗಿನ ಕೋಣೆಗೆ ಮುಟ್ಟುವಷ್ಟರಲ್ಲಿ ಸುಸ್ತಾಗಿರುತ್ತದೆ, 2.4 ಹೇಗೋ ನುಸುಳಿ ಬರುತ್ತದೆ. ಆಟ ನೋಡಲು 150 ಧಾರಾಳ. ಚಿಪ್ಪಿನ ಹೆಸರು ಹಾಕಿಯೇ ಹುಡುಕಿ ಅದನ್ನೇ ತರಿಸಿದೆ. ಚುಚ್ಚಿದೆ, ಬಂತು. ಸಿಡಿ ಇಲ್ಲ, ಕಂಪೈಲ್ ಇಲ್ಲ.

ದೊಡ್ಡಪ್ಪನ ಮುಖ ಮಾತ್ರ ಅರಳಲಿಲ್ಲ. "ಇದಕ್ಕೆ ಒಂದೇ ಆಂಟೆನಾವಾ?" ಅಂದರು. ಎರಡು ಆಂಟೆನಾದ್ದನ್ನು ತೆಗೆಯಲು ಬಿಡಲಿಲ್ಲ. ಈಗ ಅದೂ ಪಕ್ಕದ ಪೋರ್ಟಿನಲ್ಲಿ ಆಂಟೆನಾ ಎತ್ತಿಕೊಂಡು ಕೂತಿದೆ. ವೈಫೈ ಚೆನ್ನಾಗಿ ಬರುತ್ತಿದ್ದರೆ ನೋಡಲು ಬಂದವರಿಗೆಲ್ಲ ಅದನ್ನೇ ತೋರಿಸುತ್ತಾರೆ.